ನೋವಿಲ್ಲದ ಕತ್ತಲೆ

ದೇಹಕ್ಕೆ ಒದಗಿದ ಕೇಡನ್ನು ಮನಸ್ಸಿಗೆ ತಿಳಿಸುವ ದೂತನೇ ನೋವು. ಕಾಲಿಗೆ ಮುಳ್ಳು ಹೊಕ್ಕರೆ ಆ ದೂತ ಓಡಿ ಬರುತ್ತಾನೆ. ಹಲ್ಲು ಹುಳುಕಾದರೆ ಇರುಳೆಲ್ಲ ಬಾಗಿಲು ಬಡಿಯುತ್ತಾನೆ. ನಾವು ಅವನನ್ನು ಶಪಿಸುತ್ತೇವೆ, ಆದರೆ ಅವನ ಮಾತು ಕೇಳಿಯೇ ವೈದ್ಯರಲ್ಲಿಗೆ ಹೋಗುತ್ತೇವೆ. ಈ ದೂತ ಬಾರದೆಯೇ ಉಳಿಯುವ ಸಂದರ್ಭಗಳೂ ಉಂಟು. ಅವುಗಳಲ್ಲಿ ಬಹು ಕ್ರೂರವಾದದ್ದು, ವಯಸ್ಸಾದವರ ಕಣ್ಣು ಒಮ್ಮೆಗೇ, ಎಳ್ಳಷ್ಟೂ ನೋಯದೆ, ಕಾಣದಂತಾಗುವುದು. ಕೇಳುಗರೆ, ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ ವಿಷಯವನ್ನು ಕುರಿತು.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಕಣ್ಣಿನ ವೈದ್ಯನಾಗಿ ಬಹುಕಾಲ ದುಡಿದವನು ನಾನು. ಅರಿಸಿನದ ಹೊಲದಲ್ಲಿ ಎಲೆಯ ತುದಿ ತಗುಲಿ ಕಣ್ಣು ಕೆಂಪಾದವನು ಅಂದಿನ ಸಂಜೆಯೊಳಗೆ ನನ್ನ ಮುಂದೆ ಕುಳಿತಿರುತ್ತಾನೆ. ಅವನ ಕಣ್ಣು ಹೆಚ್ಚಿನ ವೇಳೆ ಮೂರು ದಿನದಲ್ಲಿ ತಿಳಿಯಾಗುತ್ತದೆ. ಆದರೆ ಇಡೀ ಕಣ್ಣೇ ಆರಿಹೋದ ಅಜ್ಜಿಯೊಬ್ಬರು ತೆರಕಣಾಂಬಿಯ ಕಡೆಯಿಂದ ಬಂದದ್ದು ಒಂಬತ್ತನೆಯ ದಿನ. “ಇಷ್ಟು ದಿನ ಯಾಕವ್ವ ಬರಲಿಲ್ಲ?” ಎಂದು ಕೇಳಿದೆ. “ನೋವೇನೂ ಇಲ್ವಲ್ಲ ಬುದ್ಧೀ. ಪೊರೆ ಬಂದದೆ ಅಂದ್ಕಂಡೆ. ಮಗನಿಗೂ ಹೊಲದ ಕೆಲಸ” ಎಂದರು. ಆ ಮೂರು ಸಣ್ಣ ಮಾತುಗಳಲ್ಲಿ ನಮ್ಮ ಸೀಮೆಯ ಕುರುಡುತನದ ಚರಿತ್ರೆಯ ಒಂದು ಅಧ್ಯಾಯವೇ ಅಡಗಿದೆ. ನೋವಿಲ್ಲದ್ದು ರೋಗವಲ್ಲವೆಂಬ ನಂಬಿಕೆ; ಕಣ್ಣಿಗೆ ಬರುವುದೆಲ್ಲ ಪೊರೆಯೇ ಎಂಬ ತಿಳಿವಳಿಕೆ; ಮನೆಯವರಿಗೆ ಹೊರೆಯಾಗಬಾರದೆಂಬ ಸಂಕೋಚ.

ಪೊರೆಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ಕಣ್ಣಿನ ಪೊರೆಯ ವಿಷಯದಲ್ಲಿ ಕನ್ನಡನಾಡು ಹೆಮ್ಮೆಪಡಬೇಕಾದದ್ದು ಬಹಳವಿದೆ. ‘ಕಣ್ಣು ಕೊಟ್ಟ ಅಣ್ಣ’ ಎಂದು ಜನ ಕರೆದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಕ್ರಿಯೆಗಳನ್ನು ನಡೆಸಿ ಜಗತ್ತಿನ ದಾಖಲೆಗೆ ಸೇರಿದರು. ಅವರು 2005ರಲ್ಲಿ ತೀರಿಕೊಂಡರು. ಕೇಂದ್ರ ಸರಕಾರ 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಶಾಲೆಯ ಜಗುಲಿಗಳೂ ಛತ್ರಗಳೂ ಕಣ್ಣಿನ ಶಿಬಿರಗಳಾದವು. ಲಕ್ಷಾಂತರ ಜನ ಮರಳಿ ಬೆಳಕು ಕಂಡರು. ಆದರೆ ಈ ದೊಡ್ಡ ಕಾರ್ಯದ ಜೊತೆಗೆ, ಯಾರೂ ಬೇಕೆಂದು ಕಲಿಸದ ಒಂದು ಪಾಠವೂ ಜನಮನದಲ್ಲಿ ಊರಿತು: ಮುಪ್ಪಿನಲ್ಲಿ ಕಣ್ಣು ಮಂಜಾಗುವುದು ಸಹಜ, ಅದು ಬಲಿಯುವ ತನಕ ಕಾಯಬೇಕು, ಸುಗ್ಗಿ ಮುಗಿದ ಮೇಲೆ ಶಿಬಿರಕ್ಕೆ ಹೋದರೆ ಸಾಕು ಎಂಬುದು. ಪೊರೆಯ ಮಟ್ಟಿಗೆ ಈ ತಾಳ್ಮೆ ಅಷ್ಟೇನೂ ಕೆಡುಕಲ್ಲ. ಪೊರೆ ತಿಂಗಳುಗಳಲ್ಲಿ, ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬೆಳೆಯುವಂಥದು. ನಿನ್ನೆ ಸಂಜೆ ಹಾಸಂಗಿ ಆಡಿದ ಕಣ್ಣು ಇಂದು ಬೆಳಗಾಗುವಷ್ಟರಲ್ಲಿ ಕಾಣದಾದರೆ ಅದು ಪೊರೆಯಲ್ಲ. ಈ ಒಂದು ವಾಕ್ಯವನ್ನು ಕೇಳುಗರು ನೆನಪಿನಲ್ಲಿಟ್ಟುಕೊಂಡರೂ ನನ್ನ ಭಾಷಣ ಸಾರ್ಥಕ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವರಲ್ಲಿ ಒಂದು ಕಣ್ಣು ಬಹು ಕಾಲದಿಂದ ಮಂದವಾಗಿದ್ದು, ಇನ್ನೊಂದು ಕಣ್ಣಿನ ಬಲದಿಂದ ಅದು ತಿಳಿದೇ ಇರುವುದಿಲ್ಲ. ಒಳ್ಳೆಯ ಕಣ್ಣಿಗೆ ಧೂಳು ಬಿದ್ದು ಅದನ್ನು ಮುಚ್ಚಿಕೊಂಡ ದಿನ, ಮಂದ ಕಣ್ಣು ಅಂದೇ ಹೋಯಿತೆಂದು ಗಾಬರಿಪಡುತ್ತಾರೆ. ಒಮ್ಮೆಗೇ ಕಳೆದುಕೊಂಡದ್ದು ಬೇರೆ, ಒಮ್ಮೆಗೇ ಕಂಡುಕೊಂಡದ್ದು ಬೇರೆ. ಆದರೆ ಈ ಭೇದವನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲು ಹೋಗಬಾರದು. ಸುಮ್ಮನೆ ಗಾಬರಿಪಟ್ಟು ಬಂದವರನ್ನು ಸಮಾಧಾನ ಮಾಡಿ ಕಳುಹಿಸುವುದು ವೈದ್ಯನಿಗೆ ಸಂತೋಷದ ಕೆಲಸವೇ.

ಕಣ್ಣು ಹೋಗುತ್ತಿದ್ದರೂ ನೋವೇಕಿಲ್ಲ? ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರಪಟಲವುಂಟಷ್ಟೆ. ಅದರಲ್ಲಿ ನೋವಿನ ನರಗಳು ದಟ್ಟವಾಗಿವೆ. ಒಂದು ಧೂಳಿನ ಕಣ ಬಿದ್ದರೂ ಅದು ಕೂಗಿಕೊಳ್ಳುತ್ತದೆ. ಆದರೆ ಗುಡ್ಡೆಯ ಒಳಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲ, ಎಂದರೆ ಹೊರಗಿನ ಚಿತ್ರ ಬಂದು ಮೂಡುವ ತೆಳುಪದರ, ಬೆಳಕನ್ನು ಮಾತ್ರ ಬಲ್ಲದು, ನೋವನ್ನರಿಯದು. ಅದು ಸಾಯುವಾಗಲೂ ಮೌನವಾಗಿಯೇ ಸಾಯುತ್ತದೆ. ಆ ಪದರ ಮೆದುಳಿನದೇ ಒಂದು ಭಾಗವೆನ್ನಬೇಕು. ತಾಯಿಯ ಗರ್ಭದಲ್ಲಿ ಮೆದುಳಿನಿಂದಲೇ ಚಿಗುರಿ ಹೊರಗೆ ಬಂದದ್ದು. ಮೆದುಳಿನಂತೆ ಅದಕ್ಕೂ ರಕ್ತ ಬೇಕು, ಎಡೆಬಿಡದೆ ಬೇಕು.

1851ಕ್ಕಿಂತ ಮುಂಚೆ ಜೀವಂತ ಮನುಷ್ಯನ ಅಕ್ಷಿಪಟಲವನ್ನು ಕಣ್ಣಾರೆ ಕಂಡು ಪರೀಕ್ಷಿಸುವ ಸಾಧನ ವೈದ್ಯರ ಕೈಯಲ್ಲಿರಲಿಲ್ಲ. ಆ ವರ್ಷ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ತಾನು ರಚಿಸಿದ ನೇತ್ರದರ್ಶಕವನ್ನು ಪ್ರಕಟಪಡಿಸಿದ. ಕಣ್ಣಿನ ಪಾಪೆಯೊಳಗೆ ಬೆಳಕು ಹಾಯಿಸಿ, ಅದೇ ದಾರಿಯಲ್ಲಿ ಮರಳಿ ಬರುವ ಬೆಳಕಿನಿಂದ ಒಳಗನ್ನು ನೋಡುವ ಉಪಾಯವದು. ಎಂಟು ವರ್ಷಗಳ ತರುವಾಯ, 1859ರಲ್ಲಿ, ಫಾನ್ ಗ್ರೇಫೆ ಎಂಬ ವೈದ್ಯ ಅಕ್ಷಿಪಟಲದ ಮುಖ್ಯ ಅಪಧಮನಿ ಕಟ್ಟಿಕೊಂಡು ಕಣ್ಣು ಹೋದ ರೋಗಿಯ ಸ್ಥಿತಿಯನ್ನು ವಿವರಿಸಿದ. ಅಂದಿನಿಂದ ನಮಗೆ ಗೊತ್ತು: ನೋವಿಲ್ಲದ ಈ ಕತ್ತಲೆಗೆ ಕಾರಣ ಒಂದಲ್ಲ, ಹಲವು.

ಎಲ್ಲಕ್ಕಿಂತ ಭಯಂಕರವಾದದ್ದು ಆ ಅಪಧಮನಿಯ ತಡೆಯೇ. ಕತ್ತಿನ ರಕ್ತನಾಳದ ಒಳಗೋಡೆಯಲ್ಲಿ ಕಟ್ಟಿದ ಕೊಬ್ಬಿನ ಚೂರೋ, ಲಯ ತಪ್ಪಿ ಬಡಿಯುವ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ಕಣವೋ ತೇಲಿ ಬಂದು ಕೂದಲಿನಷ್ಟು ಸಣ್ಣದಾದ ಆ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಷಣಗಳಲ್ಲಿ ದೀಪವಾರಿದಂತಾಗುತ್ತದೆ. ಕೈಬೆರಳು ಎಣಿಸಲೂ ಆಗದು. ಬೆಳಕಿದೆಯೇ ಇಲ್ಲವೇ ಎಂಬಷ್ಟೇ ತಿಳಿದೀತು. ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದುಡಿದ ಸೋಹನ್ ಸಿಂಗ್ ಹೈರೆಯವರು ಮಂಗಗಳ ಮೇಲೆ ಪ್ರಯೋಗ ನಡೆಸಿ, ರಕ್ತ ನಿಂತು ಸುಮಾರು ಒಂದೂವರೆ ಗಂಟೆಯವರೆಗೆ ಅಕ್ಷಿಪಟಲ ತಾಳಬಲ್ಲದು, ನಾಲ್ಕು ಗಂಟೆಯ ಹೊತ್ತಿಗೆ ಸರಿಪಡಿಸಲಾರದ ಹಾನಿಯಾಗಿರುತ್ತದೆ ಎಂದು ತೋರಿಸಿದರು. ಮನುಷ್ಯರಲ್ಲಿ ಈ ಗಡುವು ಇನ್ನೂ ಕಿರಿದಾಗಿರಬಹುದೆಂದು ಹೇಳುವವರೂ ಇದ್ದಾರೆ. ಒಂಬತ್ತನೆಯ ದಿನ ಬಂದ ಅಜ್ಜಿಗೆ ನಾನು ಏನು ತಾನೆ ಮಾಡಲು ಸಾಧ್ಯವಿತ್ತು?

ಸತ್ಯವನ್ನು ಮುಚ್ಚಿಡಬಾರದು. ಬೇಗ ಬಂದವರಿಗೂ ಈ ಕಾಯಿಲೆಯಲ್ಲಿ ಕಣ್ಣು ಮರಳುತ್ತದೆಂದು ಭರವಸೆ ಕೊಡಲಾಗದು. ಕಣ್ಣಿನ ಒತ್ತಡ ತಗ್ಗಿಸಿ ನೋಡುತ್ತಾರೆ. ಮೆದುಳಿನ ಲಕ್ವಕ್ಕೆ ಕೊಡುವ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕಣ್ಣಿಗಾಗಿಯೂ ಕೊಟ್ಟು ನೋಡಿದ್ದಾರೆ. ಎಲ್ಲರಿಗೂ ಗುಣವಾಗುತ್ತದೆಂಬ ದೃಢವಾದ ಪುರಾವೆ ದೊರೆತಿಲ್ಲ. ಹಾಗಾದರೆ ಅವಸರವೇಕೆ ಎಂದು ಕೇಳಬಹುದು. ಅವಸರ ಕಣ್ಣಿಗಾಗಿ ಮಾತ್ರವಲ್ಲ, ಪ್ರಾಣಕ್ಕಾಗಿ. ಕಣ್ಣಿನ ನಾಳಕ್ಕೆ ತೇಲಿ ಬಂದ ಚೂರಿಗೆ ಮೆದುಳಿನ ದಾರಿ ದೂರವಲ್ಲ. ಇದು ಕಣ್ಣಿಗೆ ಬಡಿದ ಲಕ್ವ. ಇದಾದ ಮೊದಲ ಕೆಲವು ದಿನ, ಕೆಲವು ವಾರಗಳಲ್ಲಿಯೇ ಮೆದುಳಿನ ಪಾರ್ಶ್ವವಾಯುವಿನ ಅಪಾಯ ಬಹಳ. ಹೃದಯಾಘಾತದ ಭಯವೂ ಉಂಟು. ಕಾರಣವನ್ನು ಅಂದೇ ಹುಡುಕಿ ಮದ್ದು ಕೊಟ್ಟರೆ ಮುಂದಿನ ಆ ಪೆಟ್ಟನ್ನು ಎಷ್ಟೋ ವೇಳೆ ತಪ್ಪಿಸಬಹುದು.

ಇದಕ್ಕಿಂತಲೂ ಮೋಸದ ಇನ್ನೊಂದು ರೂಪವಿದೆ. ಒಂದು ಕಣ್ಣಿನ ಮುಂದೆ ತೆರೆಯಿಳಿದಂತೆ ಕತ್ತಲಾಗಿ, ಐದು ಹತ್ತು ನಿಮಿಷದಲ್ಲಿ ತೆರೆ ಮೇಲೆದ್ದಂತೆ ಮತ್ತೆ ಬೆಳಕಾಗುತ್ತದೆ. ಬಿಸಿಲಿಗೆ ಹೀಗಾಯಿತು, ಪಿತ್ತಕ್ಕೆ ಹೀಗಾಯಿತು ಎಂದು ಒಂದು ಲೋಟ ಮಜ್ಜಿಗೆ ಕುಡಿದು ಮರೆಯುತ್ತಾರೆ. ಕಣ್ಣು ಮರಳಿತಲ್ಲ, ಇನ್ನೇನು? ಕೇಳುಗರೆ, ಮರಳಿ ಬಂದ ಕಣ್ಣೇ ವೈದ್ಯನಿಗೆ ಹೆಚ್ಚು ಅಮೂಲ್ಯ. ಕೆಡುಕು ಬಾಗಿಲವರೆಗೆ ಬಂದು ಹೆಸರು ಹೇಳಿ ಹೋಗಿದೆ. ಮತ್ತೆ ಬರುವ ಮುನ್ನ ಅಗುಳಿ ಹಾಕಲು ನಮಗೆ ಅವಕಾಶವಿದೆ. ಅಂಥವರು ಅಂದೇ ಆಸ್ಪತ್ರೆಗೆ ಬರಬೇಕು.

ಅಪಧಮನಿಯಂತೆ ರಕ್ತವನ್ನು ಮರಳಿ ಒಯ್ಯುವ ಅಭಿಧಮನಿಯೂ ಕಟ್ಟಿಕೊಳ್ಳಬಹುದು. ಆಗ ಕತ್ತಲೆ ಅಷ್ಟು ಗಾಢವಲ್ಲ, ಮಂಜು ಕವಿದಂತೆ. ಅಕ್ಷಿಪಟಲದ ತುಂಬ ರಕ್ತದ ಕಲೆಗಳು ಹರಡಿ ಊತ ಬರುತ್ತದೆ. ಹೆಚ್ಚಿದ ರಕ್ತದೊತ್ತಡವೇ ಇದರ ಮೂಲದಲ್ಲಿ ಸಾಮಾನ್ಯವಾಗಿ ಕಾಣುವುದು. ಸಕ್ಕರೆ ಕಾಯಿಲೆಯವರಲ್ಲಿ ಅಕ್ಷಿಪಟಲದ ಮೇಲೆ ಹುಟ್ಟುವ ಸೋಲುಗಟ್ಟಿದ ಹೊಸ ನಾಳಗಳು ಒಡೆದು, ಗುಡ್ಡೆಯನ್ನು ತುಂಬಿರುವ ಲೋಳೆಯೊಳಗೆ ರಕ್ತ ಸುರಿಯುವುದೂ ಉಂಟು. ಕಣ್ಣ ಮುಂದೆ ಮಸಿಯ ಎಳೆಗಳು, ಜೇಡರ ಬಲೆಗಳು ತೇಲಿದಂತಾಗಿ ಕಡೆಗೆ ಕೆಂಗತ್ತಲೆ ಕವಿಯಿತೆಂದು ರೋಗಿಗಳು ಹೇಳುತ್ತಾರೆ. ಈ ಎರಡಕ್ಕೂ ಇಂದು ಮದ್ದುಂಟು. ಲೇಸರ್ ಚಿಕಿತ್ಸೆ ಇದೆ. ಈ ಶತಮಾನದ ಮೊದಲ ದಶಕದಿಂದೀಚೆಗೆ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದುಗಳು ಬಂದಿವೆ. ತುಂಬಿನಿಂತ ರಕ್ತವನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ರಕ್ತ ಸುರಿದ ಕಣ್ಣಿನವರು ಅಂಗಾತ ಮಲಗದೆ ತಲೆಯನ್ನು ಎತ್ತರದಲ್ಲಿಟ್ಟು ಒರಗಿರುವುದು ಮೇಲು, ರಕ್ತ ತಳಕ್ಕಿಳಿಯುತ್ತದೆ.

ಮೂರನೆಯದು ಅಕ್ಷಿಪಟಲ ಕಳಚಿಕೊಳ್ಳುವುದು. ಹಳೆಯ ಮನೆಯ ಗೋಡೆಯ ಗಾರೆ ನೀರಿಳಿದು ಬಿಟ್ಟುಕೊಳ್ಳುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಪದರದಲ್ಲೊಂದು ಹರಕು ಬಿದ್ದು, ಅದರ ಮೂಲಕ ದ್ರವ ಹಿಂದೆ ಸೇರಿ, ಪದರ ಗೋಡೆಯಿಂದ ಕೀಳುತ್ತದೆ. ಇದು ಮಾತ್ರ ಮುನ್ಸೂಚನೆ ಕೊಟ್ಟು ಬರುವಂಥದು: ಕಣ್ಣ ಅಂಚಿನಲ್ಲಿ ಮಿಂಚು, ಒಮ್ಮೆಗೇ ಹೆಚ್ಚಿದ ಕಪ್ಪು ಚುಕ್ಕೆಗಳು, ಬಳಿಕ ಒಂದು ಕಡೆಯಿಂದ ಸರಿದು ಬರುವ ನೆರಳು. ದೂರದೃಷ್ಟಿ ಮಂದವಾಗಿ ದಪ್ಪ ಕನ್ನಡಕ ಹಾಕಿದವರಲ್ಲಿ, ಪೆಟ್ಟು ಬಿದ್ದವರಲ್ಲಿ, ಪೊರೆಯ ಶಸ್ತ್ರಕ್ರಿಯೆ ಆದವರಲ್ಲಿ ಇದರ ಸಾಧ್ಯತೆ ಹೆಚ್ಚು. 1920ರ ದಶಕದವರೆಗೆ ಇದಕ್ಕೆ ಉಪಾಯವೇ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಜೂಲ್ ಗೋನಾಂ ಎಂಬ ವೈದ್ಯ ಆ ಹರಕನ್ನು ಹುಡುಕಿ ಮುಚ್ಚಬೇಕೆಂದು ತೋರಿಸಿಕೊಟ್ಟ ಮೇಲೆ ಕಾಣದ ಕಣ್ಣುಗಳು ಕಾಣತೊಡಗಿದವು. ನೆರಳು ಕಣ್ಣಿನ ನಟ್ಟನಡುವಿಗೆ ಬರುವ ಮುನ್ನ ಶಸ್ತ್ರಕ್ರಿಯೆ ಆಗಬೇಕು. ಇಲ್ಲಿ ಒಂದೆರಡು ದಿನವೂ ದೊಡ್ಡ ಮಾತೇ.

ನಾಲ್ಕನೆಯದು ನಮ್ಮಲ್ಲಿ ಅಪರೂಪ, ಆದರೆ ಮರೆಯುವಂತಿಲ್ಲ. ಕಣ್ಣು ನೋಯದಿದ್ದರೂ ಕಪೋಲದ ಮೇಲ್ಭಾಗದಲ್ಲಿ ಹೊಸದಾಗಿ ತಲೆನೋವು, ಬಾಚಣಿಗೆ ತಗುಲಿದರೂ ನೋಯುವ ನೆತ್ತಿ, ಊಟ ಅಗಿಯುವಾಗ ದವಡೆ ಸೋಲುವುದು, ಕಾರಣವಿಲ್ಲದೆ ಮೈ ಇಳಿಯುವುದು—ಇವು ಐವತ್ತು ದಾಟಿದವರಲ್ಲಿ ಕಣ್ಣು ಹೋಗುವುದರ ಜೊತೆಗಿದ್ದರೆ, ರಕ್ತನಾಳಗಳ ಉರಿಯೂತವೆಂದು ಶಂಕಿಸಬೇಕು. ಸ್ಟಿರಾಯ್ಡ್ ಮದ್ದನ್ನು ಅಂದೇ ಆರಂಭಿಸದಿದ್ದರೆ ಉಳಿದಿರುವ ಇನ್ನೊಂದು ಕಣ್ಣೂ ದಿನಗಳಲ್ಲಿ ಹೋಗಬಹುದು. ಇನ್ನು ಎರಡು ಕಣ್ಣಿನಲ್ಲೂ ಒಂದೇ ಪಕ್ಕ ಕಾಣದಾದರೆ, ತಟ್ಟೆಯ ಎಡಗಡೆಯ ಅನ್ನ ಹಾಗೆಯೇ ಉಳಿಯುತ್ತಿದ್ದರೆ, ಕೇಡು ಕಣ್ಣಿನದಲ್ಲ, ಮೆದುಳಿನದು.

ಈಗ ಮನೆಯಲ್ಲಿ ಏನು ಮಾಡಬೇಕೆಂಬುದನ್ನು ಹೇಳುತ್ತೇನೆ. ಕಾಣುವುದಿಲ್ಲವೆಂದ ಹಿರಿಯರನ್ನು ಕುಳ್ಳಿರಿಸಿ, ಅಂಗೈಯಿಂದ ಒಂದೊಂದೇ ಕಣ್ಣನ್ನು ಮುಚ್ಚಿ, ಒಂದು ಕಣ್ಣೋ ಎರಡೋ, ಪೂರ್ತಿಯೋ ಪಾಲೋ ಎಂದು ಕೇಳಿ. ಬಾಯಿ ಸೊಟ್ಟಗಾಗಿದೆಯೆ, ಮಾತು ತೊದಲುತ್ತಿದೆಯೆ, ಕೈ ಸೋಲುತ್ತಿದೆಯೆ, ಎದೆ ಹಿಡಿದಂತಾಗಿದೆಯೆ ನೋಡಿ. ಗಡಿಯಾರ ನೋಡಿ, ಕಣ್ಣು ಸರಿಯಾಗಿ ಕಂಡ ಕೊನೆಯ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಿತ್ಯ ನುಂಗುವ ಮಾತ್ರೆಗಳ ಪಟ್ಟಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಇಷ್ಟಕ್ಕೆ ಐದು ನಿಮಿಷ ಸಾಕು. ಆರನೆಯ ನಿಮಿಷದಲ್ಲಿ ಹೊರಡಿ.

ಮಾಡಬಾರದ್ದನ್ನೂ ಹೇಳಬೇಕು. ಕಣ್ಣನ್ನು ಉಜ್ಜಬಾರದು, ಒತ್ತಬಾರದು. ಮನೆಯಲ್ಲಿದ್ದ ಯಾವುದೋ ಹನಿಮದ್ದು ಹಾಕಬಾರದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೆರೆಯವರ ಮಾತು ಕೇಳಿ ನುಂಗಬಾರದು. ಕಾರಣ ರಕ್ತದ ತಡೆಯೋ ರಕ್ತಸ್ರಾವವೋ ತಿಳಿಯದಲ್ಲ. ನಂದಿಬಟ್ಟಲ ಹೂವನ್ನು ಕಣ್ಣಿನ ಮೇಲಿಟ್ಟುಕೊಳ್ಳುವ ವಾಡಿಕೆ ನಮ್ಮಲ್ಲಿದೆ. ತಂಪು ಕೊಡುತ್ತದೆ ನಿಜ, ಆದರೆ ರೆಪ್ಪೆಯ ಹೊರಗಿನ ತಂಪು ಒಳಗೆ ಕಟ್ಟಿಕೊಂಡ ನಾಳವನ್ನು ಬಿಡಿಸದು. ಗುಂಡ್ಲುಪೇಟೆಯ ಹೊಲಗಳಲ್ಲಿ ಬಣ್ಣ ತೆಗೆಯಲೆಂದು ಬೆಳೆಯುವ ಚೆಂಡುಹೂವಿನ ಹಳದಿಗೆ ಕಾರಣವಾದ ಲೂಟೀನ್ ಎಂಬ ವಸ್ತುವೇ ನಮ್ಮ ಅಕ್ಷಿಪಟಲದ ನಡುವಿನ ಹಳದಿ ಚುಕ್ಕೆಯಲ್ಲಿಯೂ ಇದೆ. ಪ್ರಕೃತಿಯ ಈ ನಂಟು ಕವಿಗೆ ಒದಗೀತು. ಆರಿದ ಕಣ್ಣಿಗೆ ಅದು ಮದ್ದಲ್ಲ.

ಎಲ್ಲಿಗೆ ಹೋಗಬೇಕು? 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. 2016ರಲ್ಲಿ ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಮೈಸೂರಿಗೆ ಅರುವತ್ತು ಕಿಲೋಮೀಟರಿನ ಆಸುಪಾಸು. 2008ರಿಂದ 108ರ ವಾಹನ ಓಡಾಡುತ್ತಿದೆ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಮೊದಲು ಹೋಗುವುದು ಸರಿ. ಕನ್ನಡಕದ ಅಂಗಡಿಗಲ್ಲ, ಮುಂದಿನ ವಾರದ ಶಿಬಿರಕ್ಕೂ ಅಲ್ಲ. ಅಲ್ಲಿ ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹಾಯಿಸಿ ಪಾಪೆ ಕಿರಿದಾಗುವ ಬಗೆಯನ್ನು ನೋಡುತ್ತಾರೆ. ಈ ಸಣ್ಣ ಪರೀಕ್ಷೆಯೇ ಅಕ್ಷಿಪಟಲದ ಇಲ್ಲವೆ ದೃಷ್ಟಿನರದ ದೊಡ್ಡ ಕೇಡನ್ನು ಬಯಲು ಮಾಡುತ್ತದೆ. ಹನಿ ಹಾಕಿ ಪಾಪೆ ಹಿಗ್ಗಿಸಿ ಒಳಗನ್ನು ಪರೀಕ್ಷಿಸುತ್ತಾರೆ. ನಾಡಿ, ರಕ್ತದೊತ್ತಡ, ಸಕ್ಕರೆ ನೋಡಿ, ಹೃದಯದ ಇ.ಸಿ.ಜಿ. ತೆಗೆಯುತ್ತಾರೆ, ಬೇಕಾದರೆ ಕತ್ತಿನ ನಾಳಗಳ, ಮೆದುಳಿನ ಸ್ಕ್ಯಾನಿಂಗ್ ಮಾಡಿಸುತ್ತಾರೆ. “ಕಣ್ಣಿಗೆ ಬಂದರೆ ಎದೆಯನ್ನೇಕೆ ನೋಡುತ್ತಾರೆ?” ಎಂದು ಮುನಿಸಿಕೊಂಡು ಎದ್ದು ಬರುವವರನ್ನು ಕಂಡಿದ್ದೇನೆ. ಕಾರಣ ಈಗ ನಿಮಗೆ ಗೊತ್ತಾಗಿದೆ.

ನನ್ನನ್ನು ಬಹುವಾಗಿ ಕಲಕುವ ಪ್ರಶ್ನೆಯೊಂದುಂಟು. “ಬೇರೆಯವರ ಕಣ್ಣು ಹಾಕಬಹುದಂತಲ್ಲ ಸ್ವಾಮಿ? ನನ್ನದೇ ಒಂದು ಕಿತ್ತು ಅವ್ವನಿಗೆ ಇಡಿ” ಎಂದ ಮಕ್ಕಳಿದ್ದಾರೆ. ಹರಿಹರ ರಗಳೆಯಲ್ಲಿ ಹಾಡಿದ ಕಣ್ಣಪ್ಪನ ಕಥೆ ಈ ನೆಲದಲ್ಲಿ ಸತ್ತಿಲ್ಲ. ಚಾಮರಾಜನಗರದ ನೆರೆಯ ಗಾಜನೂರಿನ ನಂಟಿನ ರಾಜಕುಮಾರ್ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಯ ಮೇಲೆ ಕಣ್ಣು ಕೊಟ್ಟರು, 2006ರಲ್ಲಿ ತೀರಿಕೊಂಡಾಗ ನಿಜವಾಗಿಯೂ ಕೊಟ್ಟರು. 2021ರಲ್ಲಿ ಅವರ ಮಗ ಪುನೀತರ ಕಣ್ಣುಗಳೂ ದಾನವಾದವು. ಆದರೆ ದಾನವಾದ ಕಣ್ಣಿನಿಂದ ಕಸಿ ಮಾಡುವುದು ಮುಂದಿನ ಪಾರಪಟಲವನ್ನು ಮಾತ್ರ. ಅಕ್ಷಿಪಟಲವನ್ನೂ ಮೆದುಳಿಗೆ ಸಾಗುವ ಹತ್ತು ಲಕ್ಷಕ್ಕೂ ಮಿಕ್ಕ ಎಳೆಗಳ ದೃಷ್ಟಿನರವನ್ನೂ ಜೋಡಿಸುವ ವಿದ್ಯೆ ಇನ್ನೂ ನಮ್ಮ ಕೈಗೆ ಬಂದಿಲ್ಲ. ಕಣ್ಣಪ್ಪನ ಭಕ್ತಿಯಿಂದ ಆಗದ ಕೆಲಸ, ಹೊತ್ತಿಗೆ ಸರಿಯಾಗಿ ಹಿಡಿದ ಬಸ್ಸಿನಿಂದ ಒಮ್ಮೊಮ್ಮೆ ಆದೀತು ಎಂದು ಆ ಮಕ್ಕಳಿಗೆ ಹೇಗೆ ಹೇಳಲಿ?

ಕಡೆಯದಾಗಿ ಹಿರಿಯರ ಸಂಕೋಚದ ಮಾತು. ನಮ್ಮ ಮನೆಗಳಲ್ಲಿ ವಯಸ್ಸಾದವರು ತಮ್ಮ ಕಷ್ಟವನ್ನು ಕೇಳಿದ ಹೊರತು ಹೇಳುವುದಿಲ್ಲ. ಕೇಳಿದರೂ ‘ಏನಿಲ್ಲ ಬಿಡು’ ಎನ್ನುತ್ತಾರೆ. ನಾಲ್ಕು ದಿನದಿಂದ ಕಾಣದ ಕಣ್ಣಿನಲ್ಲೇ ರಾಗಿ ಹಸನು ಮಾಡಿದವರಿದ್ದಾರೆ. ಮುದ್ದೆಯ ತಟ್ಟೆಯನ್ನು ಕೈ ತಡವರಿಸಿ ಹುಡುಕಿದರೆ, ಹೊಸಲಿನಲ್ಲಿ ಹೊಸದಾಗಿ ಎಡವಿದರೆ, ಒಂದೇ ಭುಜ ಬಾಗಿಲಿಗೆ ತಾಗಿದರೆ, ಸೊಸೆ ಮೊಮ್ಮಕ್ಕಳು ಗಮನಿಸಬೇಕು. ಅರುವತ್ತಾದವರ ರಕ್ತದೊತ್ತಡ ಸಕ್ಕರೆಗಳನ್ನು ಕಾಲಕಾಲಕ್ಕೆ ನೋಡಿಸಬೇಕು. ಬೀಡಿ, ಹೊಗೆಸೊಪ್ಪು ಬಿಡಿಸಬೇಕು. ಸಕ್ಕರೆ ಕಾಯಿಲೆಯವರು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದು ಕಣ್ಣು ಹೋಗಿಯೇ ಬಿಟ್ಟರೆ, ಉಳಿದ ಕಣ್ಣನ್ನು ಕಾಯುವುದೇ ಮುಂದಿನ ವ್ರತ. ಒಂದು ಕಣ್ಣಿನಿಂದ ಮೆಟ್ಟಿಲಿನ ಆಳ ತಿಳಿಯಲು ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ಕೈಹಿಡಿದು ನಡೆಸುವವರು ಬೇಕು.

ನಮ್ಮ ಹಿರಿಯರು ನೋವನ್ನು ಸಹಿಸಲು ಕಲಿತವರು. ನೋವಿಲ್ಲದ್ದನ್ನು ಹೇಳಿಕೊಳ್ಳಲು ಅವರಿಗೆ ನಾವು ಕಲಿಸಬೇಕಾಗಿದೆ. ಈ ರಾತ್ರಿ ಊಟಕ್ಕೆ ಕುಳಿತಾಗ, ಮನೆಯಲ್ಲಿರುವ ಅಜ್ಜಿಯನ್ನೋ ತಾತನನ್ನೋ ಒಂದೊಂದು ಕಣ್ಣನ್ನು ಮುಚ್ಚಿಕೊಂಡು ದೀಪ ನೋಡುವಂತೆ ಹೇಳಿ. ಎರಡರಲ್ಲೂ ಒಂದೇ ಸಮನಾಗಿ ಕಾಣುತ್ತಿದೆಯೆ ಎಂದು ಕೇಳಿ. ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾಯಿರಿ.

(ಬಾನುಲಿ ಭಾಷಣ)